ಮೂಡುಬಿದಿರೆಯ ಬೀಗ

ಜೈನರ ಧವಲಾ ಗ್ರಂಥಗಳನ್ನು ಆಪತ್ಕಾಲದಲ್ಲಿ ರಕ್ಷಣೆಗೆಂದು ಮೂಡುಬಿದಿರೆಗೆ ತಂದರು ಎಂಬುದು ಪರಂಪರೆಯ ಮಾತು. ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ಧವಲಾ ಟೀಕೆಯ ತಾಳೆಗರಿಗಳು ಉಳಿದದ್ದು ಇಲ್ಲಿನ ಗುರುಬಸದಿಯಲ್ಲಿ. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳಗನ್ನಡ.

ಕಾಪಾಡಲು ಹಾಕಿದ ಬೀಗ ಕಾಲ ತಿಳಿಯಾದ ಮೇಲೂ ತೆರೆಯಲಿಲ್ಲ. ಯಾತ್ರಿಕರಿಗೆ ದರ್ಶನ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. 19ನೇ ಶತಮಾನದ ಕೊನೆಗೆ ನಕಲು ಮಾಡಲು ಒಪ್ಪಿಗೆ ಸಿಕ್ಕರೂ ಪ್ರತಿ ಊರು ಬಿಡುವಂತಿರಲಿಲ್ಲ. ಆಗ ನಕಲುಗಾರ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಬರೆದುಕೊಂಡರು. ಅದು ದೂರದ ಸಹಾರನಪುರ ಸೇರಿತು. ಕೊಟ್ಟ ಮಾತು ಮುರಿದದ್ದು ತಪ್ಪೇ. ಆದರೆ ಆ ತಪ್ಪಿನ ದಾರಿಯಲ್ಲೇ ಗ್ರಂಥ ವಿದ್ವಾಂಸರ ಕೈಗೆ ಬಂತು.

ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ.

ಆಪತ್ಕಾಲದಲ್ಲಿ ಬೀಗ ಹಾಕಬೇಕೋ, ಎಲ್ಲರಿಗೂ ತೆರೆದಿಡಬೇಕೋ ಎಂಬ ಇದೇ ಇಕ್ಕಟ್ಟು ಇಂದು ಸ್ವತಂತ್ರ ತಂತ್ರಾಂಶದ್ದು. ಯಾರು ಬೇಕಾದರೂ, ಯಾವ ಉದ್ದೇಶಕ್ಕಾದರೂ ಬಳಸಬಹುದು ಎಂಬುದು ಅದರ ಮೊದಲ ನಿಯಮ. ಉಕ್ರೇನ್ ಯುದ್ಧದ ವೇಳೆ, 2022ರ ಮಾರ್ಚ್‌ನಲ್ಲಿ, 'ನೋಡ್-ಐಪಿಸಿ' ಎಂಬ ಅಂಥದೊಂದು ತಂತ್ರಾಂಶದ ಕರ್ತೃವೇ ರಷ್ಯಾ, ಬೆಲಾರೂಸ್‌ನ ಕಂಪ್ಯೂಟರುಗಳ ಕಡತ ಅಳಿಸುವ ಸಾಲುಗಳನ್ನು ಅದರೊಳಗೆ ಸೇರಿಸಿದ. ಸಿಟ್ಟು ನ್ಯಾಯವಾದದ್ದೇ ಇರಬಹುದು, ಪೆಟ್ಟು ಬೀಳುವುದು ಯುದ್ಧ ಸಾರದ ಸಾಮಾನ್ಯರಿಗೂ. ಯುದ್ಧದ ಹೆಸರಲ್ಲಿ ಬೀಗ ಹಾಕುವವರು ಅದನ್ನು ತೆಗೆಯುವ ದಿನವನ್ನೂ ಮೊದಲೇ ಹೇಳಬೇಕು.