ಶೋಧಲೇಖನದ ಬಿಡಿಪ್ರತಿಯೂ ಲೇಖಕನ ಸ್ವಾಮ್ಯವೂ

ಶೋಧಲೇಖನವೊಂದು ಅಚ್ಚಾದ ಬಳಿಕ ಅದನ್ನು ಹಂಚುವ ಅಧಿಕಾರವು ಬರೆದವನಲ್ಲಿ ಉಳಿಯುವುದೋ ಅಚ್ಚುಹಾಕಿಸಿದವನಿಗೆ ಸಲ್ಲುವುದೋ ಎಂಬ ಪ್ರಶ್ನೆಯು ಈಚಿನದೆಂದು ತೋರಬಹುದು. ಆದರೆ ಅದರ ಪೂರ್ವೋತ್ತರವನ್ನು ಬೆಂಗಳೂರಿನ ವಿದ್ವತ್ಪರಂಪರೆಯಲ್ಲಿಯೇ ಕಾಣಬಹುದಾಗಿದೆ.

1928ನೆಯ ಇಸವಿ ಮಾರ್ಚಿ 16ರಂದು ಸಿ. ವಿ. ರಾಮನ್ನರು ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ಈ ನಗರದಲ್ಲಿ ತಮ್ಮ ಹೊಸ ಶೋಧವನ್ನು ಕುರಿತು ಉಪನ್ಯಾಸವಿತ್ತರು. ಅದು ಆ ತಿಂಗಳ ಕೊನೆಯಲ್ಲಿ ಕಲ್ಕತ್ತೆಯ ಭೌತವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಬಿಡಿಪ್ರತಿಗಳು ಅಂಚೆಯಲ್ಲಿ ದೇಶದೇಶಗಳ ವಿಜ್ಞಾನಿಗಳಿಗೆ ಹೋದುವು. ಪತ್ರಿಕೆಯನ್ನು ಕಾಣದ ವಿದ್ವಾಂಸನು ಲೇಖಕನಿಗೆ ಕಾಗದ ಬರೆದು ಬಿಡಿಪ್ರತಿಯನ್ನು ತರಿಸಿಕೊಳ್ಳುವುದು ಆ ಕಾಲದ ಶಿಷ್ಟಾಚಾರವಾಗಿತ್ತು. ಇದರಿಂದ ಪ್ರಕಾಶಕನಿಗೆ ಹಾನಿಯಾಯಿತೆಂದು ಯಾರೂ ಬಗೆಯಲಿಲ್ಲ.

ಮುಂದೆ ವಿದ್ವತ್ಪತ್ರಿಕೆಗಳನ್ನು ಹೊರಡಿಸುವ ಕಾರ್ಯವು ಬಹುಮಟ್ಟಿಗೆ ವಿದೇಶದ ವ್ಯಾಪಾರಸಂಸ್ಥೆಗಳ ಕೈಸೇರಿತು. ಲೇಖನವು ಅಂಗೀಕೃತವಾದೊಡನೆ ಲೇಖಕನು ಗ್ರಂಥಸ್ವಾಮ್ಯವನ್ನೆಲ್ಲ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವುದು ವಾಡಿಕೆಯಾಯಿತು. ಚಂದಾ ಏರಿದಂತೆಲ್ಲ, ತಮ್ಮ ಅಧ್ಯಾಪಕರು ಬರೆದುದನ್ನೇ ಹಣ ತೆತ್ತು ತರಿಸಿಕೊಳ್ಳುವ ಸ್ಥಿತಿಯು ಪುಸ್ತಕಭಂಡಾರಗಳಿಗೆ ಒದಗಿತು.

ಇದಕ್ಕೆ ಪರಿಹಾರವಾಗಿ ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2002ರಲ್ಲಿ ‘ಇಪ್ರಿಂಟ್ಸ್’ ಎಂಬ ಭಂಡಾರವು ಆರಂಭವಾಯಿತು. ಸಂಸ್ಥೆಯ ವಿದ್ವಾಂಸರು ತಮ್ಮ ಲೇಖನಗಳ ಪ್ರತಿಯನ್ನು ತಾವೇ ಇರಿಸಿ ಲೋಕಕ್ಕೆ ಉಚಿತವಾಗಿ ಒದಗಿಸುವ ಇಂತಹ ಸಂಸ್ಥಾಭಂಡಾರಗಳಲ್ಲಿ ಇದು ಭಾರತಕ್ಕೆ ಮೊದಲನೆಯದೆಂದು ಗಣಿತವಾಗಿದೆ. ಅಲ್ಲಿನ ವಿಜ್ಞಾನ ಮಾಹಿತಿಯ ರಾಷ್ಟ್ರೀಯ ಕೇಂದ್ರವೂ, ಅದರ ಟಿ. ಬಿ. ರಾಜಶೇಖರರೂ ಈ ಕಾರ್ಯಕ್ಕೆ ಮುಂದಾದವರು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾಗಿ ಉಚಿತವಾಗಿ ದೊರೆಯುತ್ತಿದ್ದ ತಂತ್ರಾಂಶವು ಇದಕ್ಕೆ ಆಧಾರವಾಯಿತು. ಮುಕ್ತ ಪ್ರವೇಶವನ್ನು ಸಾರಿದ ಬುಡಾಪೆಸ್ಟ್ ಘೋಷಣೆಯೂ ಆ ವರ್ಷದ್ದೇ.

ಆದರೆ ಭಂಡಾರವನ್ನು ಕಟ್ಟಿದ ಮಾತ್ರಕ್ಕೆ ಅಧಿಕಾರವು ಮರಳಿ ಬಾರದು. ಲೇಖನಕ್ಕೆ ಮೂರು ಅವಸ್ಥೆಗಳುಂಟು: ಪರಿಶೀಲನೆಗೆ ಮುನ್ನಿನ ಕರಡು, ಪರಿಶೀಲನೆ ಮುಗಿದು ಅಂಗೀಕೃತವಾದ ಪ್ರತಿ, ಪ್ರಕಾಶಕನು ಅಚ್ಚುಹಾಕಿದ ಪ್ರತಿ. ಸ್ವಾಮ್ಯವನ್ನು ಬಿಟ್ಟುಕೊಟ್ಟವರಿಗೆ ಮೂರನೆಯದನ್ನು ಬಹಿರಂಗವಾಗಿ ಇರಿಸಲು ಬಹುಶಃ ಅನುಮತಿ ಇರದು. ಎರಡನೆಯದನ್ನು ಅನೇಕ ಪ್ರಕಾಶಕರು ಕೆಲವು ಕಾಲ ಕಳೆದ ಮೇಲೆ ಒಪ್ಪುವರು. 2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಮತ್ತು ವಿಜ್ಞಾನ-ತಂತ್ರಜ್ಞಾನ ಇಲಾಖೆಗಳು ತಮ್ಮ ಧನಸಹಾಯದಿಂದ ಹುಟ್ಟಿದ ಲೇಖನಗಳ ಅಂಗೀಕೃತ ಪ್ರತಿಯನ್ನು ಭಂಡಾರದಲ್ಲಿ ಇರಿಸಬೇಕೆಂದು ವಿಧಿಸಿದುದು ಈ ಭೇದವನ್ನು ಆಶ್ರಯಿಸಿಯೇ.

ಕಾನೂನಾದರೋ ಮೂಲತಃ ಲೇಖಕನ ಪಕ್ಷದಲ್ಲಿದೆ. 1957ರ ಗ್ರಂಥಸ್ವಾಮ್ಯದ ಅಧಿನಿಯಮದ 17ನೆಯ ಪ್ರಕರಣದಂತೆ, ಸೇವಾನಿಯಮಾದಿ ಕೆಲವು ಅಪವಾದಗಳನ್ನು ಬಿಟ್ಟರೆ, ಕೃತಿಯ ಪ್ರಥಮ ಸ್ವಾಮಿ ಲೇಖಕನೇ. 19ನೆಯ ಪ್ರಕರಣದಂತೆ ಸ್ವಾಮ್ಯದ ವರ್ಗಾವಣೆಯು ಸಹಿಯುಳ್ಳ ಬರಹದಲ್ಲಿಯೇ ಆಗತಕ್ಕುದು. ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷಗಳಿಗೆ ಮಾತ್ರ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಸಲ್ಲುವುದು. ಆದುದರಿಂದ ಕನ್ನಡದ ಪತ್ರಿಕೆಗೆ ಯಾವ ಪತ್ರವನ್ನೂ ಬರೆದುಕೊಡದೆ ಲೇಖನವನ್ನು ಕಳುಹಿಸಿದ ವಿದ್ವಾಂಸನು, ಮೇಲೆ ಹೇಳಿದ ಅಪವಾದಗಳಿಗೆ ಒಳಪಡದಿದ್ದಲ್ಲಿ, ಅದರ ಸ್ವಾಮಿಯಾಗಿಯೇ ಉಳಿದಿರುವನು. ಶಾಸನ, ಹಸ್ತಪ್ರತಿ, ಛಂದಸ್ಸು ಮೊದಲಾದುವನ್ನು ಕುರಿತ ಹಳೆಯ ಬರಹಗಳನ್ನು ಮತ್ತೆ ಬೆಳಕಿಗೆ ತರುವ ಅಧಿಕಾರವು ಎಷ್ಟೋ ವೇಳೆ ಲೇಖಕರಲ್ಲಿಯೋ ಅವರ ವಾರಸುದಾರರಲ್ಲಿಯೋ ಅಡಗಿರಬಹುದು.

ಪ್ರಕಾಶಕರಿಗೂ ವೆಚ್ಚವುಂಟು, ಶ್ರಮವುಂಟು; ಅದಕ್ಕೆ ಪ್ರತಿಫಲವು ನ್ಯಾಯವೇ. ಆದರೆ ಆ ಪ್ರತಿಫಲಕ್ಕಾಗಿ ಲೇಖಕನು ತನ್ನ ಸಮಸ್ತ ಸ್ವಾಮ್ಯವನ್ನೂ ಶಾಶ್ವತವಾಗಿ ತೆರಬೇಕಾದುದಿಲ್ಲ. ಪ್ರಕಟಿಸುವ ಅನುಮತಿಯನ್ನಷ್ಟೇ ಕೊಟ್ಟರೂ ಸಾಕು. ಇಪ್ರಿಂಟ್ಸ್ ಭಂಡಾರದಲ್ಲಿ ಬಹಿರಂಗವಾಗಿ ತೆರೆಯದ ಲೇಖನದ ಬಳಿ, ಪ್ರತಿಯನ್ನು ಕೇಳಿಕೊಳ್ಳುವ ಅನುಕೂಲವೊಂದಿದೆ. ವಾಚಕನು ಕೇಳುವನು, ಲೇಖಕನು ಕಳುಹಿಸುವನು. 1928ರ ಬಿಡಿಪ್ರತಿಯ ಶಿಷ್ಟಾಚಾರವು ಹೀಗೆ ಹೊಸ ರೂಪದಲ್ಲಿ ಮರಳಿ ಬಂದಿದೆ. ಅದು ಉಳಿಯುವುದೂ ಅಳಿಯುವುದೂ ಲೇಖಕನು ಸಹಿ ಹಾಕುವ ಒಂದು ಹಾಳೆಯನ್ನು ಅವಲಂಬಿಸಿದೆ.