ಕೊಳಚೆ ಕೆಸರಿನ ಇಂಗಾಲ: ವೋಬರ್ನ್ ಪ್ರಯೋಗದ ಜಮೆ ಮತ್ತು ಬಾಕಿ

ಸಂಸ್ಕರಿಸಿದ ಕೊಳಚೆ ಕೆಸರನ್ನು ಹೊಲಕ್ಕೆ ಹಾಕಿದರೆ ಮಣ್ಣಿನ ಸಾವಯವ ಇಂಗಾಲ ಹೆಚ್ಚುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಹೆಚ್ಚಿದ್ದನ್ನೆಲ್ಲ ಹವಾಮಾನದ ಜಮೆಗೆ ಬರೆದುಕೊಳ್ಳಬಹುದೇ ಎಂಬುದು ಬೇರೆಯೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರವು ವೋಬರ್ನ್‌ನಲ್ಲಿ 1942ರಲ್ಲಿ ಆರಂಭಿಸಿದ ‘ಮಾರ್ಕೆಟ್ ಗಾರ್ಡನ್’ ಪ್ರಯೋಗ ಒಳ್ಳೆಯ ಆಕರ. ಆಗ ಇಂಗಾಲ ಸಂಗ್ರಹದ ಯೋಚನೆ ಯಾರಿಗೂ ಇರಲಿಲ್ಲ. ಮರಳುಮಿಶ್ರಿತ ಮಣ್ಣಿನಲ್ಲಿ ತರಕಾರಿ ಬೆಳೆಯಲು ಕೊಟ್ಟಿಗೆ ಗೊಬ್ಬರದ ಬದಲು ಕೆಸರು ಆದೀತೇ ಎಂದು ನೋಡುವುದಷ್ಟೇ ಉದ್ದೇಶವಾಗಿತ್ತು.

ಕೆಸರು ಹಾಕುವುದು 1961ರಲ್ಲಿ ನಿಂತಿತು. ಆಮೇಲಿನ ದಾಖಲೆಗಳೇ ಹೆಚ್ಚು ಬೆಲೆಯುಳ್ಳವು. ಮಣ್ಣಿಗೆ ಸೇರಿದ್ದ ಹೆಚ್ಚುವರಿ ಸಾವಯವ ಅಂಶ ಸುಮಾರು 20 ವರ್ಷಕ್ಕೆ ಅರ್ಧವಾಗುವ ಗತಿಯಲ್ಲಿ ಕರಗುತ್ತ ಹೋಯಿತು. ಕೆಸರಿನೊಂದಿಗೆ ಬಂದ ಸತು, ಕ್ಯಾಡ್ಮಿಯಂಗಳು ಮಾತ್ರ ಬಹುಪಾಲು ಉಳುಮೆಯ ಪದರದಲ್ಲೇ ಉಳಿದವು. ಇಂಗಾಲ ನೆಂಟನಂತೆ ಬಂದು ಹೋಯಿತು, ಲೋಹ ಒಕ್ಕಲು ಹೂಡಿತು.

ಇದರ ಪರಿಣಾಮ 1980ರ ದಶಕದಲ್ಲಿ ಬ್ರೂಕ್ಸ್, ಮೆಕ್‌ಗ್ರಾತ್, ಗಿಲ್ಲರ್ ಅವರ ಅಧ್ಯಯನಗಳಲ್ಲಿ ಬಯಲಾಯಿತು. ಲೋಹ ಸೇರಿದ ತಾಕುಗಳಲ್ಲಿ ಸೂಕ್ಷ್ಮಜೀವಿಗಳ ಒಟ್ಟು ರಾಶಿ ಉಳಿದ ತಾಕುಗಳ ಸುಮಾರು ಅರ್ಧದಷ್ಟಿತ್ತು. ಅಲ್ಲಿ ಬೆಳೆದ ಬಿಳಿ ಕ್ಲೋವರ್‌ನ ಬೇರು ಕಿತ್ತು ನೋಡಿದರೆ ಗಂಟುಗಳೇನೋ ಇದ್ದವು, ಆದರೆ ಸಣ್ಣವು, ಬಿಳಿಚಿಕೊಂಡವು. ಕೆಲಸ ಮಾಡುವ ಗಂಟಿನ ಒಳಗು ನಸುಗೆಂಪಾಗಿರುತ್ತದೆ. ಬದುಕುಳಿದ ರೈಜೋಬಿಯಂ ಬ್ಯಾಕ್ಟೀರಿಯಾ ಗಂಟು ಕಟ್ಟುತ್ತಿತ್ತು, ಸಾರಜನಕ ಹಿಡಿಯುತ್ತಿರಲಿಲ್ಲ. ಕೆಸರು ಹಾಕುವುದು ನಿಂತು ಎರಡು ದಶಕ ಕಳೆದ ಮೇಲಿನ ಸ್ಥಿತಿ ಇದು.

ಇನ್ನು ಜಮೆಯ ಬದಿ. ಡೇವಿಡ್ ಪೌಲ್ಸನ್ ಮತ್ತು ಸಂಗಡಿಗರು 2012ರಲ್ಲಿ ಇಂಗ್ಲೆಂಡ್, ವೇಲ್ಸ್‌ಗಳ ಪ್ರಯೋಗಗಳನ್ನು ಕ್ರೋಡೀಕರಿಸಿದಾಗ, ಒಂದು ಟನ್ ಒಣ ಕೆಸರಿಗೆ ಹೆಕ್ಟೇರಿನಲ್ಲಿ ವರ್ಷಕ್ಕೆ ಸುಮಾರು 180 ಕಿಲೋ ಇಂಗಾಲ ಮಣ್ಣಿನಲ್ಲಿ ಹೆಚ್ಚುವುದು ಕಂಡಿತು. ಕೊಟ್ಟಿಗೆ ಗೊಬ್ಬರಕ್ಕೆ ಅದು 60 ಕಿಲೋ. ವ್ಯತ್ಯಾಸಕ್ಕೆ ಕಾರಣವಿದೆ: ಬೇಗ ಕೊಳೆಯುವ ಭಾಗವೆಲ್ಲ ಜೀರ್ಣಕ ತೊಟ್ಟಿಯಲ್ಲೇ ಮುಗಿದು, ಜಿಗುಟಾದದ್ದು ಹೊಲಕ್ಕೆ ಬರುತ್ತದೆ. ಆದರೂ ಆ ಸಂಶೋಧಕರು ಇದನ್ನು ಹವಾಮಾನಕ್ಕೆ ಲಾಭವೆಂದು ಎಣಿಸಲು ಒಪ್ಪಲಿಲ್ಲ. ಅಲ್ಲಿನ ಕೆಸರಿನ ಬಹುಪಾಲು ಆಗಲೇ ಹೊಲಕ್ಕೆ ಹೋಗುತ್ತಿತ್ತು. ಒಂದು ಹೊಲದ್ದನ್ನು ಇನ್ನೊಂದಕ್ಕೆ ಸಾಗಿಸಿದರೆ ವಾತಾವರಣಕ್ಕೆ ಏನೂ ಉಳಿತಾಯವಿಲ್ಲ. ಕಸದ ಗುಂಡಿಗೆ ಹೋಗುವ ಕೆಸರನ್ನು ತಿರುಗಿಸಿದರೆ ಮಾತ್ರ ಲೆಕ್ಕ ಬೇರೆ. ಅವರ ಈ ವಾದ ಅಲ್ಲಗಳೆಯಲಾಗದ್ದು.

ಇನ್ನೊಂದು ಕಳೆಯುವ ಲೆಕ್ಕವೂ ಇದೆ. ಒಂದು ಟನ್ ಒಣ ಕೆಸರಿನಲ್ಲಿ ಶೇ. 4ರಷ್ಟು, ಅಂದರೆ 40 ಕಿಲೋ ಸಾರಜನಕವಿದೆ ಎಂದುಕೊಳ್ಳೋಣ. ಅದರ ಶೇ. 1 ನೈಟ್ರಸ್ ಆಕ್ಸೈಡ್ ಆಗಿ ಹೋದರೆ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲವಾದ ಆ ಅನಿಲದ ಭಾರ 170 ಕಿಲೋ ಡೈಆಕ್ಸೈಡಿಗೆ ಸಮ. ಮೇಲೆ ಹೇಳಿದ 180 ಕಿಲೋ ಇಂಗಾಲವೆಂದರೆ 660 ಕಿಲೋ ಡೈಆಕ್ಸೈಡ್; ಅದರಲ್ಲಿ ಕಾಲುಭಾಗ ಹೀಗೇ ಸೋರಿತು. ಕೆಸರು ಹಾಕಿ ಅಷ್ಟೇ ಯೂರಿಯಾ ಬಿಟ್ಟ ರೈತನಿಗೆ ಈ ಸೋರಿಕೆ ಅನ್ವಯಿಸದು. ಎರಡನ್ನೂ ಹಾಕಿದವನಿಗೆ ಪೂರ್ತಿ ಅನ್ವಯಿಸುತ್ತದೆ.

ನಮ್ಮ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲಕೆಸರು ಸಂಸ್ಕರಣಾ ಘಟಕಕ್ಕೆ ಬರುವುದು ಮನೆಗಳ ಗುಂಡಿಯ ಕೆಸರು. ಕಾರ್ಖಾನೆಯ ನೀರು ಬೆರೆಯುವ ಮಹಾನಗರದ ಒಳಚರಂಡಿಗೆ ಹೋಲಿಸಿದರೆ ಇದರಲ್ಲಿ ಲೋಹದ ಭಯ ಕಡಿಮೆ. ಆದರೆ 180ರ ಅಂಕಿಯನ್ನು ಇಲ್ಲಿಗೆ ಎತ್ತಿ ತರುವಂತಿಲ್ಲ, ನಮ್ಮ ಬಿಸಿಲಿನ ಕೆಂಪುಮಣ್ಣಿನಲ್ಲಿ ಸಾವಯವ ಅಂಶ ಕರಗುವ ವೇಗ ಹೆಚ್ಚು. ಟ್ಯಾಂಕರಿನ ಕೆಸರು ರಾಜಕಾಲುವೆಗೋ ಕೆರೆಗೋ ಬೀಳುವುದು ತಪ್ಪಿದರೆ ಅಲ್ಲಿ ಹುಟ್ಟುತ್ತಿದ್ದ ಮೀಥೇನ್ ತಪ್ಪುತ್ತದೆ. ಹವಾಮಾನಕ್ಕೆ ಇಲ್ಲಿನ ದೊಡ್ಡ ಲಾಭ ಬಹುಶಃ ಅದೇ. ಮಣ್ಣಿನ ಇಂಗಾಲ ಅಳೆಯಲು ಹೊರಡುವವರು ರಾಗಿಯ ನಡುವಿನ ಅವರೆ, ತೊಗರಿ ಗಿಡಗಳನ್ನೂ ಕಿತ್ತು ಗಂಟು ಸೀಳಿ ಬಣ್ಣ ನೋಡಬೇಕು. ಲೋಹದ ವಿಶ್ಲೇಷಣೆಯ ವರದಿ ಬರುವ ಮೊದಲೇ ಒಂದು ಸುಳಿವಾದರೂ ಅಲ್ಲಿ ಸಿಗುತ್ತದೆ.