ಹಳೆಯ ಬುಲ್ಡೋಜರ್ ಎಳೆಯುತ್ತಿಲ್ಲವೇ? ಗೇರ್‌ಬಾಕ್ಸ್ ಬಿಚ್ಚುವ ಮೊದಲು ಇಷ್ಟು ನೋಡಿ

ಎಂಜಿನ್ ಜೋರಾಗಿ ಕೂಗುತ್ತದೆ, ಗೇರ್ ಲಿವರ್ ಮುಂದಕ್ಕೆ ಬಿದ್ದಿದೆ, ಆದರೆ ಡೋಜರ್ ಮಾತ್ರ ನಿಂತಲ್ಲೇ ನಿಂತಿದೆ. ಸುತ್ತ ನಿಂತವರ ತೀರ್ಪು ಸಾಮಾನ್ಯವಾಗಿ ಒಂದೇ: “ಗೇರ್‌ಬಾಕ್ಸ್ ಹೋಯ್ತು.” ಈ ಮಾತು ಎಷ್ಟೋ ಸಲ ತಪ್ಪು. ಆದರೆ ಅದನ್ನು ನಂಬಿ ಗೇರ್‌ಬಾಕ್ಸ್ ಇಳಿಸಿದರೆ ಲಕ್ಷಗಳ ಲೆಕ್ಕದಲ್ಲಿ ಖರ್ಚು, ವಾರಗಟ್ಟಲೆ ಕೆಲಸ ನಿಲುಗಡೆ. ಹಾಗಾದರೆ ನಿಜವಾದ ದೋಷ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಮೊದಲು ಶಕ್ತಿ ಹರಿಯುವ ದಾರಿ ನೋಡೋಣ. ನಮ್ಮಲ್ಲಿ ಹಳೆಯ ಡೋಜರ್ ಎಂದಾಗ ಕಣ್ಣಿಗೆ ಬರುವುದು ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯಲ್ಲಿ ಜಪಾನಿನ ಕೊಮಾಟ್ಸು ಸಹಯೋಗದಿಂದ ತಯಾರಾದ ಯಂತ್ರಗಳು. ಕ್ಯಾಟರ್‌ಪಿಲ್ಲರ್‌ನ ಹಳೆಯ ಡಿ6, ಡಿ7, ಡಿ8 ಕೂಡ ಇದೇ ಕುಟುಂಬದವು. ಇವುಗಳಲ್ಲಿ ಕೆಲವಕ್ಕೆ ಲಾರಿಯಂತೆ ಮುಖ್ಯ ಕ್ಲಚ್ ಇರುತ್ತದೆ. ಉಳಿದವಕ್ಕೆ ಟಾರ್ಕ್ ಕನ್ವರ್ಟರ್ ಮತ್ತು ಪವರ್‌ಶಿಫ್ಟ್ ಗೇರ್‌ಬಾಕ್ಸ್. ಈ ಬರಹದಲ್ಲಿ ಎರಡನೆಯ ಬಗೆಯನ್ನೇ ಹೆಚ್ಚಾಗಿ ನೋಡುತ್ತೇವೆ, ಏಕೆಂದರೆ ಗೊಂದಲ ಹೆಚ್ಚು ಇರುವುದು ಅಲ್ಲಿಯೇ.

ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೇ? ಟಾರ್ಕ್ ಕನ್ವರ್ಟರ್‌ನಲ್ಲಿ ಗಾಳಿಯ ಬದಲು ಎಣ್ಣೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ! ಕನ್ವರ್ಟರ್ ದಾಟಿದ ಶಕ್ತಿ ಗೇರ್‌ಬಾಕ್ಸ್‌ಗೆ, ಅಲ್ಲಿಂದ ಬೆವೆಲ್ ಗೇರಿಗೆ, ಬಳಿಕ ಎಡಬಲದ ಸ್ಟೀರಿಂಗ್ ಕ್ಲಚ್‌ಗಳಿಗೆ, ಕೊನೆಗೆ ಫೈನಲ್ ಡ್ರೈವ್ ಮೂಲಕ ಚೈನಿಗೆ ಹೋಗುತ್ತದೆ. ಗೇರ್‌ಬಾಕ್ಸ್‌ನೊಳಗಿನ ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯುವುದೂ ಎಣ್ಣೆಯ ಒತ್ತಡವೇ. ಅಂದರೆ ಇಲ್ಲಿ ಎಣ್ಣೆ ಬರೀ ಜಾರುಕ ಅಲ್ಲ, ಅದೇ ಕೆಲಸಗಾರ. ಒತ್ತಡ ಬಿದ್ದರೆ ಗೇರುಗಳೆಲ್ಲ ಸರಿಯಿದ್ದರೂ ಗಾಡಿ ಕದಲುವುದಿಲ್ಲ.

ಹಾಗಾಗಿ ಮೊದಲ ಪರೀಕ್ಷೆ ಡಿಪ್‌ಸ್ಟಿಕ್. ಹಲವು ಪವರ್‌ಶಿಫ್ಟ್ ಯಂತ್ರಗಳಲ್ಲಿ ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗಲೇ ನೋಡಬೇಕು, ಮ್ಯಾನುಯಲ್ ಹೇಳಿದಂತೆ. ಎಣ್ಣೆಯಲ್ಲಿ ನೊರೆ ಇದ್ದರೆ ಮಟ್ಟ ಹೆಚ್ಚುಕಡಿಮೆಯಾಗಿದೆ ಅಥವಾ ಪಂಪಿನ ಸಕ್ಷನ್ ಪೈಪ್ ಎಲ್ಲೋ ಗಾಳಿ ಎಳೆಯುತ್ತಿದೆ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಆಯಿಲ್ ಕೂಲರ್ ಮೇಲೆ ಮೊದಲ ಅನುಮಾನ ಪಡಿ. ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಜಾರಿ ಕಾದಿವೆ.

ಮುಂದೆ ಸ್ಟ್ರೈನರ್ ಮತ್ತು ಫಿಲ್ಟರ್. ಇದನ್ನು ಬಿಚ್ಚಿ ನೋಡದೆ ಯಾರಾದರೂ ಗೇರ್‌ಬಾಕ್ಸ್ ಇಳಿಸಲು ಹೊರಟರೆ ತಡೆಯಿರಿ. ಫಿಲ್ಟರನ್ನು ಕತ್ತರಿಸಿ, ಮಡಿಕೆ ಬಿಡಿಸಿ ನೋಡಬೇಕು. ಕಪ್ಪು ಸಿಪ್ಪೆಯಂಥ ಚೂರು ಕ್ಲಚ್ ಪ್ಲೇಟಿನ ಲೈನಿಂಗ್. ಹಳದಿ ಹೊಳಪಿನದು ಕಂಚಿನ ಭಾಗಗಳದು. ಆಯಸ್ಕಾಂತಕ್ಕೆ ಅಂಟುವ ಚೂಪು ತುಣುಕು ಗೇರು ಅಥವಾ ಬೇರಿಂಗ್‌ದು. ರಬ್ಬರ್ ಚೂರು ಸೀಲಿನದು. ಆಯಸ್ಕಾಂತದ ಮೇಲಿನ ನುಣ್ಣನೆಯ ಬೂದು ಪುಡಿ ಮಾತ್ರ ಸಹಜ ಸವೆತ, ಹೆದರಬೇಕಿಲ್ಲ.

ಈಗ ನಿಜವಾದ ಪತ್ತೇದಾರಿ ಕೆಲಸ. ಪವರ್‌ಶಿಫ್ಟ್‌ನಲ್ಲಿ ಒಂದು ಗೇರ್ ಹಿಡಿಯಬೇಕಾದರೆ ದಿಕ್ಕಿನ ಕ್ಲಚ್ ಒಂದು, ವೇಗದ ಕ್ಲಚ್ ಒಂದು, ಹೀಗೆ ಎರಡು ಒಟ್ಟಿಗೆ ಹಿಡಿಯಬೇಕು. ರಿವರ್ಸ್‌ನಲ್ಲಿ ಮೂರೂ ಗೇರು ಸರಿ, ಮುಂದಕ್ಕೆ ಒಂದೂ ಇಲ್ಲ ಎಂದರೆ ಮುಂದಿನ ದಿಕ್ಕಿನ ಕ್ಲಚ್ ಅಥವಾ ಅದರ ಸೀಲು ಹೋಗಿದೆ. ಮುಂದಕ್ಕೂ ಹಿಂದಕ್ಕೂ 2ನೇ ಗೇರ್ ಮಾತ್ರ ಜಾರಿದರೆ 2ನೇ ವೇಗದ ಕ್ಲಚ್. ಎಲ್ಲದರಲ್ಲೂ ಜಾರಿದರೆ ಎಲ್ಲಕ್ಕೂ ಸಮಾನವಾದದ್ದನ್ನು ಹುಡುಕಬೇಕು: ಎಣ್ಣೆ, ಸ್ಟ್ರೈನರ್, ಪಂಪ್, ರಿಲೀಫ್ ವಾಲ್ವ್, ಕನ್ವರ್ಟರ್. ಎಲ್ಲ ಕ್ಲಚ್‌ಗಳೂ ಒಂದೇ ದಿನ ಸಾಯುವುದು ಅಪರೂಪ. ಲಿವರಿನ ಲಿಂಕೇಜ್ ಸವೆದು ವಾಲ್ವ್ ಅರ್ಧಕ್ಕೆ ನಿಂತರೂ ಇದೇ ಲಕ್ಷಣಗಳು ಬರುತ್ತವೆ. ಒಂದು ಪಿನ್ನು ಬದಲಿಸಿದರೆ ಮುಗಿಯಿತು.

ಗಾಡಿ ಒಂದೇ ಕಡೆಗೆ ಎಳೆಯುತ್ತಿದ್ದರೆ ಗೇರ್‌ಬಾಕ್ಸ್ ನಿರಪರಾಧಿ ಎನ್ನಬಹುದು. ಅಲ್ಲಿ ನೋಡಬೇಕಾದದ್ದು ಸ್ಟೀರಿಂಗ್ ಕ್ಲಚ್. ಹಳೆಯ ಒಣ ಕ್ಲಚ್‌ಗಳಲ್ಲಿ ಬೆವೆಲ್ ಗೇರಿನ ಎಣ್ಣೆ ಸೋರಿ ಪ್ಲೇಟಿಗೆ ತಗುಲಿದರೆ ಜಾರುತ್ತದೆ. ಮಳೆಗಾಲವಿಡೀ ನಿಲ್ಲಿಸಿಟ್ಟರೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ, ಆಗ ಲಿವರ್ ಎಳೆದರೂ ಬಿಡುವುದಿಲ್ಲ.

ಬಿಸಿ ಮತ್ತು ತಂಪಿನ ಸುಳಿವೂ ಮುಖ್ಯ. ಬೆಳಗ್ಗೆ ಚೆನ್ನಾಗಿ ಎಳೆದು ಮಧ್ಯಾಹ್ನ ಸೋಲುವ ಗಾಡಿಯಲ್ಲಿ ಎಣ್ಣೆ ತೆಳುವಾದಂತೆ ಸವೆದ ಪಂಪು, ಗಟ್ಟಿಯಾದ ಸೀಲುಗಳ ಮೂಲಕ ಒತ್ತಡ ಸೋರಿಹೋಗುತ್ತಿದೆ. ಇಲ್ಲಿಯೇ ಒಂದು ಜನಪ್ರಿಯ ಮದ್ದು ಹುಟ್ಟುತ್ತದೆ: “90 ನಂಬರ್ ಗೇರ್ ಆಯಿಲ್ ಹಾಕಿ, ಗಟ್ಟಿಯಾಗುತ್ತೆ.” ದಯವಿಟ್ಟು ಹಾಕಬೇಡಿ. ಲಾರಿಯ ಡಿಫರೆನ್ಷಿಯಲ್‌ಗೆಂದು ಮಾಡಿದ ಆ ಎಣ್ಣೆಯಲ್ಲಿರುವ ಗಂಧಕದ ರಾಸಾಯನಿಕಗಳು ಕಂಚಿನ ಭಾಗಗಳನ್ನು ತಿನ್ನಬಲ್ಲವು. ಘರ್ಷಣೆಯಿಂದ ಹಿಡಿಯಬೇಕಾದ ಪ್ಲೇಟು ಇನ್ನಷ್ಟು ಜಾರುತ್ತದೆ. ಮ್ಯಾನುಯಲ್ ಹೇಳಿದ ದರ್ಜೆಯ ಎಣ್ಣೆಯೇ ಬೇಕು.

ಇನ್ನೊಂದು ನಂಬಿಕೆ, ಸೆಲ್ಫ್ ಹೊಡೆಯದಿದ್ದರೆ ಇನ್ನೊಂದು ಗಾಡಿಯಿಂದ ಎಳೆದು ಸ್ಟಾರ್ಟ್ ಮಾಡಬಹುದು ಎಂಬುದು. ಕನ್ವರ್ಟರ್ ಇರುವ ಡೋಜರಿನಲ್ಲಿ ಇದು ಆಗದ ಮಾತು. ಎಣ್ಣೆಯ ಪಂಪನ್ನು ತಿರುಗಿಸುವುದು ಎಂಜಿನ್. ಅದು ಓಡದೆ ಒತ್ತಡವಿಲ್ಲ, ಒತ್ತಡವಿಲ್ಲದೆ ಕ್ಲಚ್ ಹಿಡಿಯುವುದಿಲ್ಲ. ದೂರ ಎಳೆದರೆ ಎಣ್ಣೆ ತಲುಪದ ಬೇರಿಂಗ್‌ಗಳು ಸುಡುವುದಷ್ಟೇ ಲಾಭ.

ಇಷ್ಟಾದರೂ ತಿಳಿಯದಿದ್ದರೆ ಟೆಸ್ಟ್ ಪೋರ್ಟ್‌ಗಳಿಗೆ ಪ್ರೆಷರ್ ಗೇಜ್ ಹಾಕಿಸಿ, ಪ್ರತಿ ಗೇರಿನಲ್ಲೂ ಅಳೆದು ಮ್ಯಾನುಯಲ್‌ನ ಅಂಕಿಗಳೊಂದಿಗೆ ಹೋಲಿಸಬೇಕು. ಕೊನೆಯದು ಸ್ಟಾಲ್ ಪರೀಕ್ಷೆ: ಬ್ರೇಕ್ ಹಿಡಿದು, ಗೇರ್ ಹಾಕಿ, ಪೂರ್ತಿ ಥ್ರಾಟಲ್ ಕೊಟ್ಟು ಎಂಜಿನ್ ವೇಗ ನೋಡುವುದು. ವೇಗ ಮಿತಿಗಿಂತ ಹೆಚ್ಚಿದ್ದರೆ ಒಳಗೆ ಜಾರುತ್ತಿದೆ. ಕಡಿಮೆಯಿದ್ದರೆ ಎಂಜಿನ್ನೇ ಸೋತಿರಬಹುದು, ಡೀಸೆಲ್ ಫಿಲ್ಟರ್, ಏರ್ ಕ್ಲೀನರ್ ನೋಡಿ. ಈ ಪರೀಕ್ಷೆ ಕೆಲವೇ ಸೆಕೆಂಡುಗಳದ್ದು, ಎಣ್ಣೆ ಬಹುಬೇಗ ಕಾಯುತ್ತದೆ. ಮುಂದೆ, ಹಿಂದೆ ಯಾರೂ ನಿಲ್ಲಬಾರದು, ಅನುಭವಿಯೇ ಸೀಟಿನಲ್ಲಿರಬೇಕು.

ಬೇರೆಲ್ಲ ತಪಾಸಣೆಯ ಸಮಯದಲ್ಲಿ ಬ್ಲೇಡ್ ನೆಲಕ್ಕೆ ಇಳಿದಿರಲಿ, ಚೈನಿಗೆ ತಡೆ ಇರಲಿ. ಜಾರುವ ಡೋಜರನ್ನು ಇಳಿಜಾರಿನಲ್ಲಿ “ಇವತ್ತೊಂದು ದಿನ” ಎಂದು ಓಡಿಸಬೇಡಿ: ಗೇರ್ ಕೈಬಿಟ್ಟ ಕ್ಷಣ ಎಂಜಿನ್ನಿನ ಹಿಡಿತ ತಪ್ಪುತ್ತದೆ, ಉಳಿಯುವುದು ಹಳೆಯ ಬ್ರೇಕ್ ಒಂದೇ.